ಮಗುವಿನ ಕೈಗೆ ನಳಿಗೆ ಕೊಡುವ ಹೊತ್ತು

ಗಡಹಿಂಗ್ಲಜದಿಂದ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಗೆ ಹೆದ್ದಾರಿ ಹಿಡಿದು ಹೊರಟರೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಸಂಕೇಶ್ವರಕ್ಕೆ ಬಂದರೆ ಕರ್ನಾಟಕ, ನಿಪ್ಪಾಣಿ ದಾಟಿ ಕಾಗಲ ಮುಟ್ಟಿದರೆ ಮತ್ತೆ ಮಹಾರಾಷ್ಟ್ರ. ಹಳ್ಳಿಯಿಂದ ಪೇಟೆಗೆ ಬರುವುದು, ಎಸ್‌ಟಿ ಬಸ್ಸಿಗೆ ಕಾಯುವುದು, ಕೇಸ್ ಪೇಪರಿನ ಸಾಲಿನಲ್ಲಿ ನಿಲ್ಲುವುದು ಎಲ್ಲ ಸೇರಿ ವೈದ್ಯರ ಮುಖ ಕಾಣುವ ಹೊತ್ತಿಗೆ ನಾಲ್ಕು ತಾಸು ಸುಲಭವಾಗಿ ಸರಿದಿರುತ್ತದೆ. ಬೇರೆ ಮಕ್ಕಳಿಗೆ ಇದು ಬರೀ ದಣಿವು. ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಗುವಿಗೆ ಹಾಗಲ್ಲ. ಅದರ ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ. ಮೂರು-ನಾಲ್ಕು ತಾಸಿಗೊಮ್ಮೆ ತೆಳುವಾದ ನಳಿಗೆಯೊಂದನ್ನು ಮೂತ್ರದ್ವಾರದೊಳಗೆ ಸೇರಿಸಿ, ನಿಂತ ಮೂತ್ರವನ್ನು ಹೊರಗೆ ಬಿಡಬೇಕು. ಬಸ್ಸಿನಲ್ಲಿದ್ದರೂ, ಜಾತ್ರೆಯಲ್ಲಿದ್ದರೂ, ಪರೀಕ್ಷೆಯ ಕೋಣೆಯಲ್ಲಿದ್ದರೂ ಆ ಹೊತ್ತು ತಪ್ಪುವಂತಿಲ್ಲ.

ಈ ಕೆಲಸವನ್ನು ಮಗು ಹುಟ್ಟಿದ ಕೆಲವೇ ದಿನಗಳಿಂದ ಮಾಡುವವಳು ತಾಯಿ. ಮಗುವಿಗೆ ಐದು ತುಂಬಿ, ಆರಾಗಿ, ಶಾಲೆಯ ಚೀಲ ಹೆಗಲಿಗೇರಿದಾಗ ಪ್ರಶ್ನೆ ಏಳುತ್ತದೆ: ಮಧ್ಯಾಹ್ನ ಒಂದು ಗಂಟೆಗೆ ನಳಿಗೆ ಹಾಕುವವರು ಯಾರು? ತಾಯಿ ಶಾಲೆಯ ಕಟ್ಟೆಯ ಮೇಲೆ ಕೂತು ಕಾಯಬೇಕೇ? ಮಗುವನ್ನು ಶಾಲೆ ಬಿಡಿಸಬೇಕೇ? ಅಥವಾ ಮಗುವೇ ಕಲಿಯಬಹುದೇ?

ಕಲಿಯಬಹುದು. ಕಲಿಸುವವರು ಬೇಕು, ಅಷ್ಟೇ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳ ಸುತ್ತಲ ಪ್ರದೇಶದಲ್ಲಿ ಶಸ್ತ್ರವೈದ್ಯರು ಸಿಗುತ್ತಾರೆ, ನಳಿಗೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮಗುವಿನ ಪಕ್ಕದಲ್ಲಿ ತಾಸುಗಟ್ಟಲೆ ಕೂತು, ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿಕೊಡುವ ಕೈ ಮಾತ್ರ ಸುಲಭವಾಗಿ ಸಿಗುವುದಿಲ್ಲ.

ನಿಲ್ಲುವ ಮೂತ್ರ, ಸೋಲುವ ಕಿಡ್ನಿ

ಮೂತ್ರಕೋಶ ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು, ಹಿಡಿ ಅಥವಾ ಬಿಡು ಎಂಬ ಆಜ್ಞೆಯನ್ನು ಹೊತ್ತು ತರುವ ನರಗಳು ಬೆನ್ನುಹುರಿಯ ತೀರ ಕೆಳಭಾಗಕ್ಕೆ ಸೇರಿದವು. ಸ್ಪೈನಾ ಬೈಫಿಡಾ ಎಂಬ ಜನ್ಮದೋಷದಲ್ಲಿ ಕೆಡುವುದು ಹೆಚ್ಚಾಗಿ ಈ ಭಾಗವೇ. ಬೆನ್ನಿನ ಮೇಲೆ ನೀರುಗಂಟಿನಂತೆ ಉಬ್ಬಿಕೊಂಡ ಚೀಲದೊಂದಿಗೆ ಮಗು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಬೆನ್ನನ್ನು ಮುಚ್ಚುತ್ತಾರೆ. ಗಾಯ ಮಾಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಕೆಟ್ಟ ನರ ಮರಳುವುದಿಲ್ಲ. ಕಾಲಿನ ಬಲದ ಬಗ್ಗೆ ಎಲ್ಲರೂ ಕೇಳುತ್ತಾರೆ, ಮೂತ್ರದ ಬಗ್ಗೆ ಕೇಳುವವರು ಕಡಿಮೆ. ಒದ್ದೆ ಚಡ್ಡಿಯನ್ನು ನೋಡಿ, ಮೂತ್ರ ಹೋಗುತ್ತಿದೆಯಲ್ಲ ಎಂದು ಸಮಾಧಾನ ಪಡುವವರೂ ಇದ್ದಾರೆ. ಅದು ತುಂಬಿ ಹೊರಚೆಲ್ಲುವ ಮೂತ್ರ. ಒಳಗೆ ನಿಂತದ್ದು ನಿಂತೇ ಇರುತ್ತದೆ.

ಮಗುವಿನ ಮೂತ್ರಕೋಶ ಎಷ್ಟು ಹಿಡಿಯಬೇಕು ಎಂಬುದಕ್ಕೆ ವೈದ್ಯರು ಸರಳ ಲೆಕ್ಕವೊಂದನ್ನು ಇಟ್ಟುಕೊಂಡಿದ್ದಾರೆ: ವಯಸ್ಸಿಗೆ ಎರಡು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಮಿಲಿಲೀಟರ್ ಸಿಗುತ್ತದೆ. ಆರು ವರ್ಷದ ಮಗುವಿಗೆ ಸುಮಾರು 240. ನರ ಕೆಟ್ಟ ಮೂತ್ರಕೋಶದ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಹಿಡಿಯುವ ಅಳತೆ ಕುಗ್ಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಅಮೆರಿಕದ ಎಡ್ವರ್ಡ್ ಮೆಕ್‌ಗ್ವಾಯರ್ ಮತ್ತು ಸಂಗಡಿಗರು 1981ರಲ್ಲಿ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದನ್ನು ಪ್ರಕಟಿಸಿದರು. ಮೂತ್ರ ಸೋರತೊಡಗುವ ಹೊತ್ತಿಗೆ ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟವನ್ನು ಮೀರಿದ್ದ ಮಕ್ಕಳಲ್ಲಿಯೇ ಹೆಚ್ಚಾಗಿ ಕಿಡ್ನಿಗಳು ಕೆಡುತ್ತಿದ್ದವು. ಒತ್ತಡಕ್ಕೆ ಸಿಕ್ಕ ಮೂತ್ರ ಹಿಂದಕ್ಕೆ, ಕಿಡ್ನಿಯ ಕಡೆಗೆ ಒತ್ತುತ್ತದೆ. ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಇದೆಲ್ಲ ನೋವಿಲ್ಲದೆ, ಸದ್ದಿಲ್ಲದೆ ನಡೆಯುವುದರಿಂದ ಹದಿಹರೆಯದಲ್ಲಿ ಡಯಾಲಿಸಿಸ್ ಮಾತು ಬರುವವರೆಗೂ ಎಷ್ಟೋ ಮನೆಗಳಿಗೆ ಅದು ತಿಳಿಯುವುದೇ ಇಲ್ಲ.

ಸ್ಪೈನಾ ಬೈಫಿಡಾ ಒಂದೇ ಕಾರಣವಲ್ಲ. ಗಂಡು ಮಕ್ಕಳಲ್ಲಿ ಮೂತ್ರನಾಳದೊಳಗೆ ಹುಟ್ಟಿನಿಂದಲೇ ತೆಳು ಪರದೆಯಂಥ ಕವಾಟ ಇರುವುದುಂಟು. ಧಾರೆ ಸಣ್ಣಗೆ, ತುಂಡು ತುಂಡಾಗಿ ಬರುತ್ತದೆ. ಕವಾಟವನ್ನು ದುರ್ಬೀನಿನ ಮೂಲಕ ಕತ್ತರಿಸಿದ ಮೇಲೂ ಕೆಲವು ಹುಡುಗರ ಮೂತ್ರಕೋಶ ಸುಧಾರಿಸುವುದಿಲ್ಲ. ಹೊಟ್ಟೆಯ ಗೋಡೆ ಸೀಳಿದಂತಾಗಿ ಮೂತ್ರಕೋಶ ಹೊರಗೆ ತೆರೆದುಕೊಂಡೇ ಹುಟ್ಟುವ ಮಕ್ಕಳಿದ್ದಾರೆ. ಅಪಘಾತದಲ್ಲಿ ಬೆನ್ನು ಮುರಿದವರಿದ್ದಾರೆ. ಕಾರಣ ಬೇರೆ ಬೇರೆಯಾದರೂ ಇವರಲ್ಲಿ ಹಲವರಿಗೆ ಉಳಿಯುವ ದಾರಿ ಒಂದೇ, ಹೊತ್ತಿಗೆ ಸರಿಯಾಗಿ ನಳಿಗೆ.

ಇಲ್ಲೊಂದು ವ್ಯತ್ಯಾಸವನ್ನು ಹೇಳಲೇಬೇಕು. ಬೆನ್ನುಹುರಿಯ ದೋಷವಿರುವ ಮಕ್ಕಳಿಗೆ ಆ ಭಾಗದಲ್ಲಿ ಸ್ಪರ್ಶ ತಿಳಿಯುವುದು ಕಡಿಮೆ, ಆದ್ದರಿಂದ ನಳಿಗೆ ಹೋದದ್ದು ಹೆಚ್ಚಾಗಿ ನೋಯುವುದಿಲ್ಲ. ಕವಾಟದ ತೊಂದರೆ ಇರುವ ಹುಡುಗನಿಗೆ ಎಲ್ಲವೂ ತಿಳಿಯುತ್ತದೆ. ಅವನು ಅತ್ತರೆ ಹಟ ಎನ್ನಬಾರದು. ಇಂಥವರಿಗೂ ನೆರವಾಗುವ ಒಂದು ಉಪಾಯವನ್ನು ಫ್ರಾನ್ಸಿನ ರೂವಾಂ ನಗರದ ಶಸ್ತ್ರವೈದ್ಯ ಪಾಲ್ ಮಿತ್ರೊಫನೊಫ್ 1980ರಲ್ಲಿ ಪ್ರಕಟಿಸಿದರು. ಅಪೆಂಡಿಕ್ಸನ್ನು ಕರುಳಿನಿಂದ ಬಿಡಿಸಿ, ಒಂದು ತುದಿಯನ್ನು ಮೂತ್ರಕೋಶಕ್ಕೂ ಇನ್ನೊಂದನ್ನು ಹೊಟ್ಟೆಯ ಮೇಲಿನ ಚರ್ಮಕ್ಕೂ ಹೊಲಿದರೆ ಹೊಸ ದಾರಿಯೊಂದು ಸಿದ್ಧವಾಗುತ್ತದೆ. ಹೊಕ್ಕುಳಲ್ಲಿಯೇ ಆ ದ್ವಾರವನ್ನು ಮರೆಮಾಡಬಹುದು. ಗಾಲಿಕುರ್ಚಿಯಲ್ಲಿ ಕೂತ ಹುಡುಗಿ ಬಟ್ಟೆ ಬಿಚ್ಚದೆ, ಅಂಗಿಯನ್ನು ತುಸು ಮೇಲೆತ್ತಿ ತನ್ನ ಕೆಲಸ ಮುಗಿಸಿಕೊಳ್ಳಬಹುದು. ನಮ್ಮ ದೇಶದ ಮಕ್ಕಳ ಶಸ್ತ್ರವೈದ್ಯರೂ ಇದನ್ನು ಮಾಡುತ್ತಾರೆ.

ಸೋಪು, ನೀರು ಮತ್ತು ಒಬ್ಬ ನರ್ಸ್

ಮನೆಯಲ್ಲಿ ನಳಿಗೆ ಹಾಕಿ ಎಂದಾಗ ಹೆತ್ತವರು ಮೊದಲು ಬೆಚ್ಚುವುದು ಸೋಂಕಿನ ಭಯಕ್ಕೆ. ಐವತ್ತು ವರ್ಷಗಳ ಹಿಂದೆ ವೈದ್ಯರಿಗೂ ಅದೇ ಭಯವಿತ್ತು. ಎರಡನೆಯ ಮಹಾಯುದ್ಧದಲ್ಲಿ ಬೆನ್ನು ಮುರಿದ ಸೈನಿಕರನ್ನು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಉಪಚರಿಸಿದ ಲುಡ್ವಿಗ್ ಗುಟ್‌ಮನ್ ಹೊತ್ತು ಹೊತ್ತಿಗೆ ನಳಿಗೆ ಹಾಕುವ ಕ್ರಮವನ್ನು ಬಳಕೆಗೆ ತಂದರು. ಆದರೆ ಅದು ಕೈಗವಸು ತೊಟ್ಟು, ಎಲ್ಲವನ್ನೂ ಕ್ರಿಮಿಶುದ್ಧ ಮಾಡಿಕೊಂಡು, ಆಸ್ಪತ್ರೆಯೊಳಗೇ ನಡೆಯಬೇಕಾದ ಕೆಲಸವಾಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾಕ್ ಲ್ಯಾಪಿಡೀಸ್ ಬೇರೆ ರೀತಿ ಯೋಚಿಸಿದರು. ಮೂತ್ರಕೋಶ ವಿಪರೀತ ಹಿಗ್ಗಿದಾಗ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರಕ್ತ ಸಿಗದ ಗೋಡೆ ಸೋಂಕಿಗೆ ಸೋಲುತ್ತದೆ. ಹೊರಗಿನ ಕ್ರಿಮಿಗಿಂತ ಈ ಹಿಗ್ಗುವಿಕೆಯೇ ದೊಡ್ಡ ಶತ್ರು ಎಂಬುದು ಅವರ ವಾದ. ಹಾಗಿದ್ದರೆ ಕ್ರಿಮಿಶುದ್ಧ ಸಲಕರಣೆಗಾಗಿ ಕಾಯುತ್ತಾ ಹೊತ್ತು ಮೀರಿಸುವುದಕ್ಕಿಂತ, ಸೋಪಿನಲ್ಲಿ ತೊಳೆದ ಕೈಯಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡಿಕೊಳ್ಳುವುದೇ ಮೇಲು. 1972ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹಲವರು ಒಪ್ಪಲಿಲ್ಲ. ಇಂದು ಜಗತ್ತಿನಾದ್ಯಂತ ಲಕ್ಷಾಂತರ ಜನರ ಕಿಡ್ನಿಗಳನ್ನು ಕಾಯುತ್ತಿರುವುದು ಆ ಕ್ರಮವೇ. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಮೂವರು ವೈದ್ಯರ ಜೊತೆಗೆ ಲೋ ಎಂಬ ನರ್ಸ್‌ನ ಹೆಸರಿದೆ. ರೋಗಿಗೆ ಕೈಹಿಡಿದು ಕಲಿಸುವ ಕೆಲಸಕ್ಕೂ ಚಿಕಿತ್ಸೆಯಷ್ಟೇ ಬೆಲೆಯಿದೆ ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಳಿಗೆ ಎಂದರೆ ದೊಡ್ಡ ಯಂತ್ರವೇನೂ ಅಲ್ಲ. ಅದರ ದಪ್ಪವನ್ನು ಅಳೆಯುವ ಫ್ರೆಂಚ್ ಮಾನ ಪ್ಯಾರಿಸಿನ ಉಪಕರಣ ತಯಾರಕ ಶಾರಿಯೇರ್‌ನಿಂದ ಬಂದದ್ದು, ಮೂರು ಫ್ರೆಂಚಿಗೆ ಒಂದು ಮಿಲಿಮೀಟರ್. ಎಳೆಯ ಮಕ್ಕಳಿಗೆ ಬಳಸುವ ಆರು ನಂಬರಿನ ನಳಿಗೆ ಬರೀ ಎರಡು ಮಿಲಿಮೀಟರ್ ದಪ್ಪ. ನಮ್ಮಲ್ಲಿ ಅನೇಕ ವೈದ್ಯರು ಶಿಶುಗಳಿಗೆ ಮೂಗಿನಿಂದ ಹಾಲುಣಿಸುವ ನಳಿಗೆಯನ್ನೇ ಇದಕ್ಕೂ ಬರೆದುಕೊಡುತ್ತಾರೆ, ಏಕೆಂದರೆ ಅದು ಅಗ್ಗ ಮತ್ತು ತಾಲ್ಲೂಕಿನ ಅಂಗಡಿಯಲ್ಲೂ ಸಿಗುತ್ತದೆ. ಒಂದು ಸಲ ಬಳಸಿ ಎಸೆಯುವುದು ಶ್ರೀಮಂತ ದೇಶಗಳ ಪದ್ಧತಿ. ಇಲ್ಲಿ ಬಳಸಿದ ಕೂಡಲೇ ಒಳಗೂ ಹೊರಗೂ ಸೋಪಿನ ನೀರು ಹಾಯಿಸಿ, ತೊಳೆದು, ಜಾಡಿಸಿ, ಶುದ್ಧವಾದ ಬಟ್ಟೆಯಲ್ಲಿ ಒಣಗಲು ಬಿಟ್ಟು, ಮುಚ್ಚಳದ ಡಬ್ಬಿಯಲ್ಲಿಟ್ಟು ಮತ್ತೆ ಬಳಸುವುದು ರೂಢಿ. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಬಿರುಸಾದದ್ದು, ಬಣ್ಣ ಕೆಟ್ಟದ್ದು, ಬಿರುಕು ಬಿಟ್ಟದ್ದು ಬೇಡವೇ ಬೇಡ. ಇನ್ನೊಂದು ಎಚ್ಚರಿಕೆ: ಸ್ಪೈನಾ ಬೈಫಿಡಾ ಇರುವ ಮಕ್ಕಳಿಗೆ ರಬ್ಬರಿನ ಲೇಟೆಕ್ಸ್ ಅಲರ್ಜಿ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು. ರಬ್ಬರ್ ನಳಿಗೆ, ರಬ್ಬರ್ ಕೈಗವಸು ಅವರ ಹತ್ತಿರ ಸುಳಿಯಬಾರದು. ಹುಟ್ಟುಹಬ್ಬದ ಬಲೂನು ಕೂಡ.

ಕಲಿಸುವುದು ಹೇಗೆ

ಮಗುವಿಗೆ ಆರು ತುಂಬಿದ ದಿನ ನಳಿಗೆ ಕೊಟ್ಟು, ಇನ್ನು ನೀನೇ ಮಾಡಿಕೋ ಎಂದರೆ ಅದು ಕಲಿಯುವುದಿಲ್ಲ. ಕಲಿಕೆ ಎರಡು-ಮೂರನೆಯ ವರ್ಷಕ್ಕೇ ಶುರುವಾಗಬೇಕು. ತಾಯಿ ತಾನು ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು: ಈಗ ಕೈ ತೊಳೀತೀನಿ, ಈಗ ಇಲ್ಲಿ ಒರಸ್ತೀನಿ, ಈಗ ನಳಿಗಿ ಬರ್ತದ, ಉಸಿರು ಬಿಡು. ಸೋಪು ಎತ್ತಿಕೊಡುವುದು ಮಗುವಿನ ಮೊದಲ ಪಾಲು. ನಾಲ್ಕರ ಹೊತ್ತಿಗೆ ತನ್ನ ಕೈಯನ್ನು ತಾನೇ ತೊಳೆದು, ಡಬ್ಬಿ ತೆರೆದು, ಒರೆಸುವ ಬಟ್ಟೆ, ನಳಿಗೆ, ಅದಕ್ಕೆ ಹಚ್ಚುವ ಜೆಲ್ಲಿ ಮೂರನ್ನೂ ಸಾಲಾಗಿ ಇಡುವುದು ಅದರ ಕೆಲಸ. ಬಟ್ಟೆಯ ಗೊಂಬೆಗೆ ನಳಿಗೆ ಹಾಕಿ ಆಡಿದ ಮಗುವಿಗೆ ತನ್ನ ಮೈಗೆ ಹಾಕಿಕೊಳ್ಳುವ ಅಂಜಿಕೆ ಕಡಿಮೆ. ಐದರಿಂದ ಎಂಟರ ನಡುವೆ, ಬೆರಳು ಪಳಗಿದಂತೆ, ನಳಿಗೆ ಅದರ ಕೈಗೆ ಬರುತ್ತದೆ. ವಯಸ್ಸಿಗಿಂತ ಮುಖ್ಯವಾದದ್ದು ಕೈಯ ಹಿಡಿತ, ಕೂರುವ ನಿಲುವು, ಮನಸ್ಸು. ಗುಂಡಿ ಹಾಕಿಕೊಳ್ಳಲು, ಪೆನ್ಸಿಲ್ ಹಿಡಿಯಲು ಬರುವ ಕೈಗೆ ಇದೂ ಬರುತ್ತದೆ.

ಹುಡುಗಿಯರಿಗೆ ಆರಂಭದಲ್ಲಿ ಕನ್ನಡಿ ಬೇಕು. ಚಿಕ್ಕ ಕನ್ನಡಿಯೊಂದನ್ನು ಎರಡು ಕಾಲಿನ ನಡುವೆ ಓರೆಯಾಗಿಟ್ಟು, ಎಡಗೈಯ ಬೆರಳುಗಳಿಂದ ಮಡಿಕೆಯನ್ನು ಬಿಡಿಸಿ ಹಿಡಿದಾಗ ಮೂರು ತಾಣಗಳು ಕಾಣುತ್ತವೆ. ಮೇಲಿನದು ನಿಜವಾದ ದ್ವಾರವಲ್ಲ, ಚಿಕ್ಕ ಗುಂಡಿಯಂಥ ಉಬ್ಬು. ಅದರ ಕೆಳಗಿನ ಸಣ್ಣ ಚುಕ್ಕೆಯೇ ಮೂತ್ರದ್ವಾರ. ಇನ್ನೂ ಕೆಳಗಿನದು ಯೋನಿ. ಮೊದಮೊದಲು ನಳಿಗೆ ತಪ್ಪಿ ಯೋನಿಯೊಳಗೆ ಹೋಗುತ್ತದೆ, ಮೂತ್ರ ಬರುವುದಿಲ್ಲ. ಆಗ ಮಗುವಿಗೆ ಹೆದರಿಕೆ. ಬೈಯದೆ ತೆಗೆದು, ತೊಳೆದು, ಇನ್ನೊಮ್ಮೆ. ಸರಿಯಾದ ದಾರಿ ಹಿಡಿದಾಗ ಬೆರಳಿನಷ್ಟು ಉದ್ದ ಒಳಗೆ ಹೋಗುವಷ್ಟರಲ್ಲೇ ಇನ್ನೊಂದು ತುದಿಯಿಂದ ಮೂತ್ರ ಜಿನುಗಿ ಧಾರೆಯಾಗುತ್ತದೆ. ಧಾರೆ ನಿಂತ ಮೇಲೆ ಒಮ್ಮೆಲೇ ಎಳೆಯಬಾರದು. ಸ್ವಲ್ಪ ಸ್ವಲ್ಪ ಹಿಂದಕ್ಕೆ ತೆಗೆಯುತ್ತಾ ಬಂದರೆ ತಳದಲ್ಲಿ ಉಳಿದದ್ದೂ ಬರುತ್ತದೆ, ಆ ಕೊನೆಯ ಚಮಚದಲ್ಲೇ ಸೋಂಕು ಬೆಳೆಯುವುದು. ಕೆಲವು ವಾರಗಳ ನಂತರ ಕನ್ನಡಿ ಬೇಡವಾಗುತ್ತದೆ, ಬೆರಳೇ ಜಾಗ ಗುರುತಿಸುತ್ತದೆ. ಹುಡುಗರಿಗೆ ದ್ವಾರ ಹುಡುಕುವ ಕಷ್ಟವಿಲ್ಲ, ದಾರಿ ಮಾತ್ರ ಉದ್ದ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದು, ಜೆಲ್ಲಿ ಹೆಚ್ಚು ಹಚ್ಚಿ, ನಡುವೆ ತಡೆ ಸಿಕ್ಕರೆ ಒತ್ತದೆ ನಿಂತು, ಕೆಮ್ಮು ಎಂದೋ ಉಸಿರು ಬಿಡು ಎಂದೋ ಹೇಳಿ, ಸ್ನಾಯು ಸಡಿಲಿದಾಗ ಮುಂದುವರಿಸಬೇಕು.

ಸ್ಪೈನಾ ಬೈಫಿಡಾ ಇರುವ ಅನೇಕ ಮಕ್ಕಳ ತಲೆಯಲ್ಲಿ ನೀರು ತುಂಬುವುದರಿಂದ ಅದನ್ನು ಹರಿಸಲು ಶಂಟ್ ಎಂಬ ಕೊಳವೆ ಹಾಕಿರುತ್ತಾರೆ. ಇಂಥ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಕಥೆ ಹೇಳುತ್ತಾರೆ, ಆದರೆ ಒಂದಾದ ಮೇಲೊಂದು ಹತ್ತು ಕೆಲಸ ಕ್ರಮವಾಗಿ ನೆನಪಿಡಲು ಹೆಣಗುತ್ತಾರೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಬಚ್ಚಲ ಗೋಡೆಗೆ ಮಗುವಿನ ಕಣ್ಣೆತ್ತರಕ್ಕೆ ಒಂದೊಂದು ಹಂತದ ಚಿತ್ರ ಬರೆದು ಅಂಟಿಸಿ. ಕೈಗೆ ಅಲಾರಾಂ ಗಡಿಯಾರ ಕಟ್ಟಿ. ಒಂದು ನೋಟುಬುಕ್ಕಿನಲ್ಲಿ ಎಷ್ಟು ಹೊತ್ತಿಗೆ, ಎಷ್ಟು ಮಿಲಿಲೀಟರ್ ಎಂದು ಮಗುವಿನಿಂದಲೇ ಬರೆಸಿ. ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ಬೇಕೇ!

ಮಗು ತಾನೇ ಕಲಿಯಬೇಕೆನ್ನಲು ಕಿಡ್ನಿಯಷ್ಟೇ ಗಟ್ಟಿಯಾದ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಆಡುವುದಿಲ್ಲ. ಹುಟ್ಟಿದಾಗಿನಿಂದ ದಿನಕ್ಕೆ ಐದಾರು ಸಲ ದೊಡ್ಡವರು ಆ ಜಾಗವನ್ನು ಮುಟ್ಟುತ್ತಾ ಬಂದ ಮಗುವಿಗೆ ಯಾರು ಬೇಕಾದರೂ ಮುಟ್ಟಬಹುದು ಎಂಬ ಭಾವನೆ ಬೆಳೆದುಬಿಡುವ ಅಪಾಯವಿದೆ. ಅಂಥ ಮಗುವನ್ನು ದುರುಳರು ಸುಲಭವಾಗಿ ವಂಚಿಸುತ್ತಾರೆ. ಆದ್ದರಿಂದ ತಾಯಿಯೂ ಪ್ರತಿ ಸಲ ಕೇಳಿಯೇ ಮುಟ್ಟಬೇಕು. ಅಪ್ಪ, ಅವ್ವ, ನರ್ಸ್, ಡಾಕ್ಟರ್ ಬಿಟ್ಟು ಬೇರೆ ಯಾರೂ ಇಲ್ಲ, ಅವರೂ ಬಾಗಿಲು ಹಾಕಿಕೊಂಡು ಈ ಕೆಲಸಕ್ಕೆ ಮಾತ್ರ ಎಂದು ಮಗುವಿಗೆ ಮನದಟ್ಟಾಗಬೇಕು. ತನ್ನ ಮೈಯ ಕೆಲಸ ತನ್ನ ಕೈಗೆ ಬಂದ ಮಗು ಬೇಡ ಎನ್ನುವುದನ್ನೂ ಕಲಿಯುತ್ತದೆ.

ಕಲಿತ ಮೇಲೆ ಕೈಬಿಡಬೇಡಿ. ಹನ್ನೆರಡು-ಹದಿಮೂರರ ಪ್ರಾಯದಲ್ಲಿ ಗೆಳತಿಯರ ಮುಂದೆ ನಾಚಿಕೆಯಾಗಿ ಹೊತ್ತು ತಪ್ಪಿಸುವುದು, ಒದ್ದೆಯಾದೀತೆಂದು ನೀರು ಕುಡಿಯುವುದನ್ನೇ ಬಿಡುವುದು ತೀರ ಸಾಮಾನ್ಯ. ಜ್ವರ, ಬೆನ್ನುನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆ. ಆದರೆ ಯಾವ ಲಕ್ಷಣವೂ ಇಲ್ಲದೆ ಲ್ಯಾಬಿನ ಚೀಟಿಯಲ್ಲಿ ಬ್ಯಾಕ್ಟೀರಿಯಾ ಇದೆ ಎಂದಷ್ಟಕ್ಕೇ ಆ್ಯಂಟಿಬಯಾಟಿಕ್ ನುಂಗಿಸುವುದು ತಪ್ಪು. ನಳಿಗೆ ಬಳಸುವ ಮಕ್ಕಳ ಮೂತ್ರದಲ್ಲಿ ಅವು ಇದ್ದೇ ಇರುತ್ತವೆ. ಮಲಬದ್ಧತೆಯನ್ನೂ ಅಲಕ್ಷಿಸಬಾರದು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಸೋರಿಕೆ ಹೆಚ್ಚುತ್ತದೆ. ವೈದ್ಯರು ಆಕ್ಸಿಬ್ಯುಟಿನಿನ್ ಎಂಬ ಔಷಧಿ ಬರೆದಿದ್ದರೆ ಅದು ಮೂತ್ರಕೋಶದ ಒತ್ತಡ ಇಳಿಸಲು. ಸೋರುವುದು ನಿಂತಿತೆಂದು ಮನೆಯವರೇ ಅದನ್ನು ನಿಲ್ಲಿಸಿದರೆ ಒಳಗೆ ಒತ್ತಡ ಮತ್ತೆ ಏರುತ್ತದೆ.

ಗಡಿಯ ಮನೆಗಳಲ್ಲಿ

ಗಡಹಿಂಗ್ಲಜ ತಾಲ್ಲೂಕಿನ ನೂಲ, ಹಲಕರ್ಣಿ ಕಡೆಯ ಎಷ್ಟೋ ಮನೆಗಳಲ್ಲಿ ಅವ್ವ ಮಾತಾಡುವುದು ಕನ್ನಡ, ಮಗು ಶಾಲೆಯಲ್ಲಿ ಓದುವುದು ಹೆಚ್ಚಾಗಿ ಮರಾಠಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಂಗ್ಲಿಷ್. ವ್ಯವಹಾರಕ್ಕೆ ಮರಾಠಿ ಎಲ್ಲರಿಗೂ ಬರುತ್ತದೆ. ಆದರೆ ಮಗಳ ಗುಪ್ತಾಂಗದ ಬಗ್ಗೆ, ಏಕಿ (ಮೂತ್ರ) ಕೆಂಪಗೆ ಬಂತು ಎಂಬ ಬಗ್ಗೆ, ನಳಿಗೆ ಹಾಕುವಾಗ ಕೈ ನಡುಗುತ್ತದೆ ಎಂಬ ಬಗ್ಗೆ ಬಾಯಿ ತೆರೆಯಬೇಕಾದರೆ ಮನೆಯ ಮಾತೇ ಬೇಕು. ಈ ಸೀಮೆಯಲ್ಲಿ ಎರಡೂ ಭಾಷೆ ಬಲ್ಲ ನರ್ಸುಗಳು, ಆಶಾ ಕಾರ್ಯಕರ್ತೆಯರು ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರಿಗೆ ಈ ಒಂದು ವಿದ್ಯೆಯನ್ನು ಕಲಿಸಿದರೆ ತಾಯಂದಿರು ತಿಂಗಳಿಗೊಮ್ಮೆ ಕೊಲ್ಹಾಪುರಕ್ಕೋ ಬೆಳಗಾವಿಗೋ ಓಡುವುದು ತಪ್ಪುತ್ತದೆ.

ಇಚಲಕರಂಜಿಯ ಕಷ್ಟ ಇನ್ನೊಂದು ಬಗೆಯದು. ವಿದ್ಯುತ್ ಮಗ್ಗಗಳ ಊರು ಅದು. ಗಂಡಸರು ಹನ್ನೆರಡು ತಾಸಿನ ಪಾಳಿ, ಹೆಂಗಸರು ಕಾಂಡಿ ಸುತ್ತುವ ಕೆಲಸ. ಪಾಳಿ ನಡುವೆ ಎದ್ದು ಶಾಲೆಗೆ ಹೋಗಿ ಬಂದರೆ ಆ ಹೊತ್ತಿನ ಕೂಲಿ ಇಲ್ಲ. ಪಂಚಗಂಗೆಯ ದಡದಲ್ಲಿದ್ದೂ ಊರಿಗೆ ನೀರಿನ ತಾಪತ್ರಯ ತಪ್ಪಿಲ್ಲ. ನಳದ ನೀರು ದಿನವೂ ಬರುವುದಿಲ್ಲ. 2012ರಲ್ಲಿ ಕುಡಿಯುವ ನೀರು ಕೆಟ್ಟು ಸಾವಿರಾರು ಜನ ಕಾಮಾಲೆಗೆ ತುತ್ತಾದದ್ದು ಅಲ್ಲಿನವರಿಗೆ ಇನ್ನೂ ನೆನಪಿದೆ. ನಳಿಗೆ ತೊಳೆಯಲು ಕುದಿಸಿ ಆರಿಸಿದ ನೀರನ್ನು ಮುಚ್ಚಿಟ್ಟುಕೊಳ್ಳುವುದು ಅಲ್ಲಿಯ ಮನೆಗಳಿಗೆ ಕ್ಷೇಮ. 2019ರ ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆ, ಕೃಷ್ಣೆಯರ ದಂಡೆಯ ಜನ ಉಟ್ಟ ಬಟ್ಟೆಯಲ್ಲಿ ನಿರಾಶ್ರಿತರ ಶಿಬಿರ ಸೇರಿದರು. ನಳಿಗೆಯ ಮಗುವಿರುವ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆಯೇ ಒಂದು ಚೀಲ ಕಟ್ಟಿಟ್ಟಿರಬೇಕು: ಹೊಸ ನಳಿಗೆಗಳು, ಜೆಲ್ಲಿ, ಸೋಪು, ಔಷಧಿ, ವೈದ್ಯರ ಚೀಟಿಯ ನಕಲು.

ಈ ಮಕ್ಕಳ ಬದುಕು ಎಲ್ಲಿಯವರೆಗೆ ಹೋಗಬಲ್ಲದು ಎಂದು ಕೇಳುವವರು ದೂರ ಹುಡುಕಬೇಕಿಲ್ಲ. ನಸೀಮಾ ಹುರ್ಜೂಕ್ ಹದಿನಾರರ ಪ್ರಾಯದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದವರು. 1984ರಲ್ಲಿ ಅವರು ಕೊಲ್ಹಾಪುರದಲ್ಲಿ ಹೆಲ್ಪರ್ಸ್ ಆಫ್ ದ ಹ್ಯಾಂಡಿಕ್ಯಾಪ್ಡ್ ಸಂಸ್ಥೆ ಕಟ್ಟಿದರು. ನಗರದ ಹತ್ತಿರದ ಉಚಗಾಂವದಲ್ಲಿ ಅದರ ವಸತಿನಿಲಯ ಮತ್ತು ಶಾಲೆ ಬಂದವು. ನಡೆಯಲಾರದ ಮಕ್ಕಳೂ ಓಡಾಡುವ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕೆಂಬ ಹಟದಿಂದ ಬೆಳೆಸಿದ ಶಾಲೆ ಅದು. ತಮ್ಮ ಬದುಕನ್ನು ಅವರು ಮರಾಠಿಯಲ್ಲಿ ‘ಚಾಕಾಚಿ ಖುರ್ಚಿ’ ಎಂಬ ಹೆಸರಿನಲ್ಲಿ ಬರೆದಿದ್ದಾರೆ. ಕಾಲು ನಡೆಯದಿರುವುದಕ್ಕಿಂತ ಶೌಚಾಲಯದೊಳಗೆ ಗಾಲಿಕುರ್ಚಿ ಹೋಗದಿರುವುದೇ ಅಂಗವಿಕಲರನ್ನು ಮನೆಯಲ್ಲಿ ಕೂರಿಸುತ್ತದೆ ಎಂಬುದು ಇಂಥ ಬದುಕನ್ನು ಹತ್ತಿರದಿಂದ ನೋಡಿದವರಿಗೆಲ್ಲ ಗೊತ್ತು. ಮುಂಬೈಯಲ್ಲಿ ಮಕ್ಕಳ ಶಸ್ತ್ರವೈದ್ಯ ಡಾ. ಸಂತೋಷ ಕರಮರಕರ್ ಅವರ ಮುಂದಾಳತ್ವದ ಸ್ಪೈನಾ ಬೈಫಿಡಾ ಫೌಂಡೇಶನ್ ಇದೇ ಮಕ್ಕಳಿಗಾಗಿ ದುಡಿಯುತ್ತಿದೆ. ಅಲ್ಲಿ ಹೆತ್ತವರಿಗೆ ಹೆತ್ತವರೇ ಗುರುಗಳಾಗುತ್ತಾರೆ. ನಮ್ಮ ಗಡಿ ಜಿಲ್ಲೆಗಳಿಗೂ ಅಂಥ ಒಂದು ಕೂಟ ಬೇಕು.

ತಡೆಯಬಹುದಾದದ್ದನ್ನು ತಡೆಯುವ ಮಾತನ್ನೂ ಆಡದಿದ್ದರೆ ಈ ಲೇಖನ ಅರ್ಧವಾದೀತು. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಮಕ್ಕಳ ವೈದ್ಯ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ 3,500 ಹೆರಿಗೆಗಳನ್ನು ಸಾಲಾಗಿ ಪರೀಕ್ಷಿಸಿದಾಗ ಮಿದುಳು-ಬೆನ್ನುಹುರಿಯ ಇಂಥ ದೋಷಗಳು ಸಾವಿರಕ್ಕೆ 11ಕ್ಕಿಂತ ಹೆಚ್ಚು ಕಂಡವು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಇನ್ನೂ ಹೆಚ್ಚು. ದೇಶದ ಹಲವು ಅಧ್ಯಯನಗಳನ್ನು ಕೂಡಿಸಿದ ನಂತರದ ಅಂದಾಜು ಸಾವಿರಕ್ಕೆ ಸುಮಾರು ನಾಲ್ಕು. ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಮುಟ್ಟು ನಿಂತಿತೆಂದು ಗೊತ್ತಾಗಿ, ದವಾಖಾನೆಗೆ ಹೋಗಿ ಫೋಲಿಕ್ ಆಮ್ಲದ ಗುಳಿಗೆ ತರುವಷ್ಟರಲ್ಲಿ ಆ ಕಾಲ ಮುಗಿದಿರುತ್ತದೆ. ಮೊದಲ ಮಗುವಿಗೆ ಈ ದೋಷವಿದ್ದ ತಾಯಂದಿರು ಮುಂದಿನ ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮರುಕಳಿಕೆ ನೂರಕ್ಕೆ 72ರಷ್ಟು ತಗ್ಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲೇ ತೋರಿಸಿತು. ಅವರಿಗೆ ಬೇಕಾದದ್ದು ದಿನಕ್ಕೆ 4 ಮಿಲಿಗ್ರಾಂ, ವೈದ್ಯರ ಸಲಹೆಯ ಮೇಲೆ. ಬೇರೆಯವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮದುವೆಯ ಮಾತುಕತೆ ಮುಗಿದ ದಿನದಿಂದಲೇ ಅದು ಶುರುವಾಗಲಿ.

ಶಾಲೆಯ ಬಾಗಿಲು

ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು, ಮಕ್ಕಳನ್ನು ಕಳಿಸದ ತಂದೆತಾಯಿಗೆ ದಂಡವಿತ್ತು. ಅದೇ ನೆಲದಲ್ಲಿ ಇಂದು ಮಗುವೊಂದು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಶಾಲೆ ಬಿಟ್ಟರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಕಾನೂನು ಮಗುವಿನ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕು ಕಾಯ್ದೆ ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದನ್ನು ಶಾಲೆಯ ಕರ್ತವ್ಯವಾಗಿಸಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ದೇಶಕ್ಕೆ ಶುರುವಾದದ್ದೇ 2013ರಲ್ಲಿ ಮಹಾರಾಷ್ಟ್ರದ ಪಾಲಘರದಿಂದ. ಅದು ಪತ್ತೆ ಹಚ್ಚಬೇಕಾದ ದೋಷಗಳ ಪಟ್ಟಿಯಲ್ಲಿ ಬೆನ್ನುಹುರಿಯ ಈ ದೋಷ ಮೊದಲನೆಯದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುವ ಆ ಕಾರ್ಯಕ್ರಮದ ತಂಡ ಮಗುವಿನ ಹೆಸರು ಬರೆದುಕೊಂಡು ಹೋದರೆ ಸಾಲದು. ಅದೇ ತಂಡದ ನರ್ಸ್ ನಳಿಗೆ ಹಾಕುವುದನ್ನು ಕಲಿಸಬೇಕು, ಮುಂದಿನ ಸಲ ಬಂದಾಗ ಮಗು ಮಾಡುವುದನ್ನು ನೋಡಬೇಕು. ನಳಿಗೆ, ಜೆಲ್ಲಿ, ಔಷಧಿ ತಾಲ್ಲೂಕು ಆಸ್ಪತ್ರೆಯಲ್ಲೇ ತಿಂಗಳು ತಿಂಗಳು ಸಿಗುವಂತಾಗಬೇಕು. ಜೀವನಪೂರ್ತಿ ಬೇಕಾದ ವಸ್ತು ಅದು. ಬಡವರ ಮನೆಗೆ ತಿಂಗಳ ಲೆಕ್ಕದಲ್ಲಿ ಅದು ಭಾರವೇ.

ಉಳಿದದ್ದು ಶಿಕ್ಷಕರ ಕೈಯಲ್ಲಿದೆ. ಬಾಯಿ, ಏಕಿಗೆ ಹೋಗ್ಲಿ ಎಂದು ಕಿರುಬೆರಳೆತ್ತಿ ನಿಂತ ಮಗುವನ್ನು ಗಂಟೆ ಹೊಡೆಯುವವರೆಗೆ ಕೂರಿಸುವುದು ಯಾವ ಮಗುವಿಗೂ ಒಳ್ಳೆಯದಲ್ಲ, ಈ ಮಗುವಿಗಂತೂ ಅಪಾಯ. ಅದು ಕೇಳದೆಯೇ ಎದ್ದು ಹೋಗಲಿ. ಒಂದು ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಒಂದು ಬಕೆಟ್ ನೀರು, ಸೋಪು, ಡಬ್ಬಿ ಇಡಲು ಗೋಡೆಗೊಂದು ಹಲಗೆ, ಹಿಡಿದುಕೊಳ್ಳಲು ಒಂದು ಸರಳು, ಇಷ್ಟಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಊರಿನ ಪಂಚಾಯಿತಿಯೇ ಮಾಡಿಕೊಡಬಹುದು. ಬೇರೆ ಮಕ್ಕಳು ನಗುತ್ತಾರೆಂಬ ಚಿಂತೆ ಬೇಡ. ಕಾರಣವನ್ನು ಮಗುವಿನ ಒಪ್ಪಿಗೆ ಪಡೆದು ಸರಳವಾಗಿ ಹೇಳಿದರೆ ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ನಿಮ್ಮ ತರಗತಿಯಲ್ಲಿ ಪದೇ ಪದೇ ಒದ್ದೆಯಾಗುವ, ವಾಸನೆಯ ಕಾರಣಕ್ಕೆ ಹಿಂದಿನ ಬೆಂಚಿಗೆ ಸರಿದ ಮಗುವಿದ್ದರೆ ಬೈಯಬೇಡಿ. ಅದರ ತಾಯಿಯನ್ನು ಕರೆದು ಕೂರಿಸಿ, ಎಷ್ಟು ಹೊತ್ತಿಗೊಮ್ಮೆ ಹೋಗಬೇಕು, ಶಾಲೆಯಲ್ಲಿ ಏನು ಬೇಕು ಎಂದು ಕೇಳಿ. ಉತ್ತರ ಸಿಕ್ಕ ದಿನವೇ ಬಡಗಿಯನ್ನು ಕರೆಸಿ ಚಿಲಕ ಹಾಕಿಸಿ.